ನಳಚರಿತ್ರೆಯ ಕಾಡು: ಬೇಡನ ಹಟ್ಟಿಗೆ ದಾರಿ ಯಾವುದು?

ಹಾನಗಲ್ಲಿನವರಿಗೆ ತಮ್ಮೂರು ವಿರಾಟನಗರ. ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ, ತಾರಕೇಶ್ವರ ಗುಡಿಯ ಊರು ಎಂಬುದೆಲ್ಲ ಆಮೇಲಿನ ಮಾತು. ಪಾಂಡವರು ಅಜ್ಞಾತವಾಸದ ವರ್ಷವನ್ನು ಕಳೆದದ್ದು ಇಲ್ಲೇ ಎಂಬುದು ಮೊದಲ ಮಾತು. ಮತ್ಸ್ಯದೇಶ ರಾಜಸ್ಥಾನದ ಬೈರಾಟಿನ ಸುತ್ತ ಇತ್ತು ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಯಾರ ಮಾತು ಸರಿ ಎಂಬ ವ್ಯಾಜ್ಯ ನನಗೆ ಬೇಕಿಲ್ಲ. ನನ್ನ ಕುತೂಹಲ ಬೇರೆ. ವಿರಾಟನ ಊರು ಇದಾದರೆ, ಅದಕ್ಕೂ ಹಿಂದಿನ ಹನ್ನೆರಡು ವರ್ಷಗಳ ಕಾಡು ಇಲ್ಲೇ ಎಲ್ಲೋ ಪಕ್ಕದಲ್ಲಿರಬೇಕಲ್ಲ?

ಪಕ್ಕದಲ್ಲಿ ಕಾಡಂತೂ ಇದೆ. ಸವಣೂರಿನ ಎರೆಹೊಲಗಳಿಂದ ಪಶ್ಚಿಮಕ್ಕೆ ಬಂದರೆ ಮಣ್ಣು ಕೆಂಪಾಗುತ್ತದೆ, ಹಾನಗಲ್ಲಿನಲ್ಲಿ ಭತ್ತ, ಮಾವು ಕಾಣುತ್ತವೆ, ಮುಂಡಗೋಡದತ್ತ ಹೊರಳಿದರೆ ತೇಗ, ಬಿದಿರು. ದಕ್ಷಿಣಕ್ಕೆ ಹಿರೇಕೆರೂರಿನ ಕಡೆ ಮದಗ-ಮಾಸೂರಿನಲ್ಲಿ ಕುಮುದ್ವತಿ ಗುಡ್ಡ ಸೀಳಿಕೊಂಡು ಹೊರಬರುತ್ತದೆ. ಈ ನಾಲ್ಕು ತಾಲ್ಲೂಕುಗಳನ್ನು ಸೆರಗು ಮಲೆನಾಡು ಎನ್ನಬಹುದು. ಇಲ್ಲಿಯವರು ಕಾಡಿನ ಒಳಗಿನವರಲ್ಲ, ಅದರ ಅಂಚಿನಲ್ಲಿ ನಿಂತು ಒಳಗೆ ಇಣುಕುವವರು. ಕಾಡನ್ನು ಹೆಚ್ಚು ಕಲ್ಪಿಸಿಕೊಳ್ಳುವವರು ಅಂಚಿನವರೇ ಎಂದು ನನಗನ್ನಿಸುತ್ತದೆ.

ಹಾಗೆ ಅಂಚಿನಲ್ಲಿದ್ದ ಕವಿ ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು. ಭಾಮಿನಿ ಷಟ್ಪದಿಯಲ್ಲಿರುವ ಅವರ ‘ನಳಚರಿತ್ರೆ’ಯನ್ನು ನಾವು ದಮಯಂತಿಯ ಪಾತಿವ್ರತ್ಯದ ಕಥೆಯಾಗಿ, ಕಲಿಯ ಕಾಟದ ಕಥೆಯಾಗಿ ಓದಿದ್ದೇವೆ. ಕಾಡು ಬಂದ ಕಡೆ ‘ವರ್ಣನೆ’ ಎಂಬ ತಲೆಬರಹ ಹಾಕಿ ಪುಟ ತಿರುವುವುದು ರೂಢಿ. ಆದರೆ ಕಥೆ ತಿರುಗುವುದೇ ಆ ಕಾಡಿನಲ್ಲಿ. ಜೂಜಿನಲ್ಲಿ ಸೋತ ನಳ ಉಟ್ಟ ಬಟ್ಟೆಯನ್ನೂ ಹಕ್ಕಿಗಳ ಪಾಲು ಮಾಡಿ, ಮಲಗಿದ್ದ ಹೆಂಡತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಅವಳನ್ನು ಬಿಟ್ಟು ಹೋಗುವುದು ಅಲ್ಲಿ. ಕಾರ್ಕೋಟಕ ಕಚ್ಚಿ ಅವನ ರೂಪ ಕೆಡಿಸುವುದೂ ಅಲ್ಲೇ. ಇದು ಯಾವ ಕಾಡು?

ಮೂಲಕ್ಕೆ, ವ್ಯಾಸಭಾರತದ ಅರಣ್ಯಪರ್ವದ ನಳೋಪಾಖ್ಯಾನಕ್ಕೆ, ಹೋಗಿ ನೋಡಬಹುದು. ದಮಯಂತಿ ಒಬ್ಬಳೇ ಅಲೆಯುವ ಕಾಡಿನಲ್ಲಿ ಸಾಲ, ಬಿದಿರು, ಅಶ್ವತ್ಥ, ಮುತ್ತುಗ, ನೇರಳೆ, ಮಾವು, ಕದಂಬ, ತಾಳೆ, ಖರ್ಜೂರ ಒಟ್ಟೊಟ್ಟಿಗೆ ನಿಂತಿವೆ. ಸಸ್ಯಶಾಸ್ತ್ರದವರು ನಗಬಹುದು. ಮರಗಳ ಹೆಸರಿನ ಈ ಪಟ್ಟಿಯನ್ನು ಯಾವ ನೆಲದಲ್ಲೂ ಕಾಲಿಟ್ಟು ಪರೀಕ್ಷಿಸಲಾಗದು, ಇದು ಕಾವ್ಯದಲ್ಲಿ ಮಾತ್ರ ಬೆಳೆಯುವ ಕಾಡು. (ನಗುವವರು ಒಮ್ಮೆ ಸವಣೂರಿನ ಕಲ್ಮಠಕ್ಕೂ ಹೋಗಿ ಬರಲಿ. ಅಲ್ಲಿ ಆಫ್ರಿಕಾ ಮೂಲದ ಮೂರು ಬಾವೋಬಾಬ್ ಮರಗಳು ಆನೆಯ ಮೈಯಂತೆ ದಪ್ಪಗೆ ನಿಂತಿವೆ, ಊರವರು ಅವಕ್ಕೆ ದೊಡ್ಡಹುಣಸೆ ಎಂದು ಹೆಸರಿಟ್ಟು ತಮ್ಮದಾಗಿಸಿಕೊಂಡಿದ್ದಾರೆ. ನೆಲವೂ ಕೆಲವೊಮ್ಮೆ ಕಾವ್ಯದ ಹಾಗೆಯೇ ಮರ ಬೆಳೆಸುತ್ತದೆ.)

ಮರಗಳಿಗಿಂತ ದಾರಿಗಳು ಹೆಚ್ಚು ಮಾತಾಡುತ್ತವೆ. ಬಿಟ್ಟು ಹೋಗುವ ಮುಂಚೆ ನಳ ಹೆಂಡತಿಗೆ ಕಾಡಿನ ಭೂಗೋಳ ಹೇಳುತ್ತಾನೆ. ಈ ದಾರಿಗಳು ಅವಂತಿಯನ್ನು ದಾಟಿ ದಕ್ಷಿಣಾಪಥಕ್ಕೆ, ಇದು ವಿಂಧ್ಯ, ಅದು ಪಯೋಷ್ಣೀ ನದಿ, ಇದು ವಿದರ್ಭದ ದಾರಿ, ಅದು ಕೋಸಲದ್ದು. ತವರಿಗೆ ಹೋಗು ಎಂದು ಬಾಯಿಬಿಟ್ಟು ಹೇಳಲಾರದವನು ದಾರಿ ತೋರಿಸುತ್ತಿದ್ದಾನೆ ಎಂಬುದು ದಮಯಂತಿಗೆ ಥಟ್ಟನೆ ಹೊಳೆಯುತ್ತದೆ. ಬಹಳ ಸೂಕ್ಷ್ಮವಾದ ಸನ್ನಿವೇಶ. ಆದರೆ ದಾರಿಗಳನ್ನು ಮತ್ತೊಮ್ಮೆ ನೋಡಿ. ಎಲ್ಲವೂ ಒಂದಲ್ಲ ಒಂದು ರಾಜ್ಯಕ್ಕೆ ಹೋಗುತ್ತವೆ. ಕಾಡಿನೊಳಗಿನ ಒಂದು ಹಟ್ಟಿಗೆ, ಒಂದು ಗುಡಿಸಲಿಗೆ ಹೋಗುವ ಕಾಲುದಾರಿ ಒಂದೂ ಇಲ್ಲ. ಈ ಕಾಡಿಗೆ ಹೊರಬಾಗಿಲುಗಳಿವೆ, ಒಳಮನೆಯಿಲ್ಲ.

ಜನರಿಲ್ಲವೆಂದಲ್ಲ. ಸಿಂಹ, ಹುಲಿ, ಹಂದಿ, ಕರಡಿ, ಹಕ್ಕಿಗಳನ್ನು ಎಣಿಸುವ ಉಸಿರಿನಲ್ಲೇ ಮೂಲ ಕಥನ ಮ್ಲೇಚ್ಛರನ್ನೂ ಕಳ್ಳರನ್ನೂ ಎಣಿಸಿಬಿಡುತ್ತದೆ. ಇದು ಆ ಕಾಡಿನ ಜನಗಣತಿ! ಆ ಗಣತಿಯಿಂದ ಒಬ್ಬನೇ ಒಬ್ಬ ಮುಂದೆ ಬರುತ್ತಾನೆ. ಹೆಬ್ಬಾವಿನ ಹಿಡಿತಕ್ಕೆ ಸಿಕ್ಕ ದಮಯಂತಿಯ ಕೂಗು ಕೇಳಿ ಓಡಿಬಂದು, ಹಾವನ್ನು ಸೀಳಿ, ಅವಳನ್ನು ಬಿಡಿಸಿ, ನೀನು ಯಾರು, ಈ ಕಾಡಿಗೆ ಯಾಕೆ ಬಂದೆ ಎಂದು ಕೇಳುವ ಬೇಡ. ಅವಳ ಕಥೆ ಕೇಳುತ್ತ ಅವನಿಗೆ ಆಸೆ ಹುಟ್ಟುತ್ತದೆ, ಅವಳ ಶಾಪಕ್ಕೆ ಬೆಂಕಿ ತಗುಲಿದ ಮರದಂತೆ ಉರುಳುತ್ತಾನೆ. ಅವನಿಗೆ ಹೆಸರಿಲ್ಲ. ಅವನು ಎಲ್ಲಿಂದ ಬಂದ, ಸಂಜೆ ಅವನಿಗಾಗಿ ಯಾರಾದರೂ ಕಾಯುತ್ತಿದ್ದರೆ ಎಂದು ಕೇಳುವುದಕ್ಕೂ ಕಥೆಗೆ ಪುರುಸೊತ್ತಿಲ್ಲ. ಅವನ ಆಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಒಂಟಿ ಹೆಣ್ಣಿನ ಮೇಲೆ ಕೈಮಾಡಲು ಬಂದವನು ಅವನು, ದಮಯಂತಿಯ ಸಿಟ್ಟು ನ್ಯಾಯವಾದದ್ದು. ಆದರೆ ಮುಂದೆ ಅವಳು ಹುಲಿಯನ್ನು ಕಾಡಿನ ರಾಜನೆಂದು ಕರೆದು ಗಂಡನ ಸುದ್ದಿ ಕೇಳುತ್ತಾಳೆ, ಬೆಟ್ಟಕ್ಕೆ ಕೈಮುಗಿದು ಕೇಳುತ್ತಾಳೆ, ಅಶೋಕ ಮರವನ್ನು ಕೇಳುತ್ತಾಳೆ. ಕಾಡನ್ನು ಹೆಜ್ಜೆಹೆಜ್ಜೆಗೂ ಬಲ್ಲ ಒಬ್ಬನೇ ಮನುಷ್ಯ ಆ ಹೊತ್ತಿಗೆ ಸತ್ತಿದ್ದಾನೆ.

ಕನಕದಾಸರು ಈ ಪ್ರಸಂಗದ ಹದವನ್ನು ಬದಲಿಸಲು ಹೋಗುವುದಿಲ್ಲ. ನನ್ನ ತಕರಾರು ಇಲ್ಲಿದೆ. ‘ರಾಮಧಾನ್ಯಚರಿತ್ರೆ’ ಬರೆದದ್ದು ಇದೇ ಕವಿ. ಅಲ್ಲಿ ನರೆದಲೆಗ, ಅಂದರೆ ರಾಗಿ, ತುಂಬಿದ ಸಭೆಯಲ್ಲಿ ಭತ್ತಕ್ಕೆ ಎದುರುತ್ತರ ಕೊಡುತ್ತದೆ. ಎರಡಕ್ಕೂ ಆರು ತಿಂಗಳ ಸೆರೆಯಾಗುತ್ತದೆ, ಭತ್ತ ಸೊರಗುತ್ತದೆ, ರಾಗಿ ಕಸುವು ಉಳಿಸಿಕೊಂಡು ಹೊರಬಂದು ರಾಘವನ ಹೆಸರು ಪಡೆಯುತ್ತದೆ. ವಾಲ್ಮೀಕಿಯಲ್ಲಿಲ್ಲದ ಕಥೆಯಿದು. ಒಂದು ಧಾನ್ಯಕ್ಕೆ ಬಾಯಿ ಕೊಟ್ಟ ಕವಿ ಬೇಡನಿಗೆ ಯಾಕೆ ಕೊಡಲಿಲ್ಲ? ನಳನದು ಸಿದ್ಧಕಥೆ, ಅದನ್ನು ತಿದ್ದಲು ಪರಂಪರೆ ಬಿಡುವುದಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ನಿಜ. ಉಳಿದರ್ಧ ನಮ್ಮ ವಿಮರ್ಶೆಯ ಸೋಮಾರಿತನ. ಕನಕದಾಸರನ್ನು ಎಲ್ಲ ತಳಸಮುದಾಯಗಳ ದನಿ ಎಂದು ಒಂದೇ ಏಟಿಗೆ ಘೋಷಿಸಿ, ರಾಗಿಯ ಒಂದು ಕೃತಿಯನ್ನು ಸಾಕ್ಷಿಗಿಟ್ಟು, ಉಳಿದವನ್ನು ಓದದೆ ಬಿಟ್ಟಿದ್ದೇವೆ. ಹೊಲದ ಅಂಚಿನವರೆಗೆ ಬರುವ ಅವರ ಸಹಾನುಭೂತಿ ಕಾಡಿನ ಅಂಚಿನಲ್ಲಿ ನಿಲ್ಲುತ್ತದೆ ಎಂದರೆ ಕವಿ ಸಣ್ಣವರಾಗುವುದಿಲ್ಲ.

ಕನ್ನಡ ಕಾವ್ಯದಲ್ಲಿ ಬೇಡರು ಮಾತಾಡಿಲ್ಲವೇ? ಮಾತಾಡಿದ್ದಾರೆ. ಕುಮಾರವ್ಯಾಸನ ಕಿರಾತ ಅರ್ಜುನನಿಗೆ ಸರಿಸಾಟಿಯಾಗಿ ವಾದಿಸುತ್ತಾನೆ, ಹಂದಿ ನನ್ನದು ಎನ್ನುತ್ತಾನೆ, ಹೊಡೆದಾಡಿ ಗೆಲ್ಲುತ್ತಾನೆ. ಅವನಿಗೆ ಆ ಸಲುಗೆ ಸಿಕ್ಕಿದ್ದು ವೇಷದೊಳಗೆ ಶಿವನಿದ್ದುದರಿಂದ. ಹರಿಹರನ ರಗಳೆಯ ಕಣ್ಣಪ್ಪ ನಿಜವಾದ ಬೇಡ, ಎಂಜಲು ಮಾಂಸವನ್ನೇ ನೈವೇದ್ಯ ಮಾಡುವವನು. 1954ರಲ್ಲಿ ರಾಜಕುಮಾರ್ ಅವನ ಪಾತ್ರದಿಂದಲೇ ನಾಯಕನಟರಾದರು. ಅವನಾದರೂ ಕಣ್ಣು ಕಿತ್ತುಕೊಟ್ಟು ಭಕ್ತನೆನಿಸಬೇಕಾಯಿತು. ದೇವರೂ ಅಲ್ಲದ, ಭಕ್ತನೂ ಅಲ್ಲದ ಬರಿಯ ಬೇಡನಿಗೆ ಶಿಷ್ಟಕಾವ್ಯದ ಕಾಡಿನಲ್ಲಿ ಸುಲಭವಾಗಿ ಜಾಗ ಸಿಗುವುದಿಲ್ಲ.

ಬಾಡ ಇರುವ ತಾಲ್ಲೂಕಿನಲ್ಲೇ, ಗೊಟಗೋಡಿಯಲ್ಲಿ, 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ನಳಚರಿತ್ರೆಯ ಪಕ್ಕಕ್ಕೆ ಜನಪದ ಮಹಾಕಾವ್ಯವೊಂದನ್ನು ಇಟ್ಟು ಓದಲು ಇದಕ್ಕಿಂತ ತಕ್ಕ ತಾಲ್ಲೂಕು ಸಿಗಲಾರದು. ನಾನು ಇಡುವುದು ದೂರದ ಚಾಮರಾಜನಗರ ಸೀಮೆಯ ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು, ಯಾಕೆಂದರೆ ಅದೂ ಗಂಡ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟುಹೋದ ಕಥೆ. ಅಲ್ಲಿಯ ಎಪ್ಪತ್ತೇಳು ಮಲೆಯೂ ಭೂಪಟದಲ್ಲಿ ಎಣಿಸಿದರೆ ಸಿಗುವಂಥದ್ದಲ್ಲ, ಅದೂ ಕಲ್ಪಿತ ಸೀಮೆಯೇ. ಸೋಲಿಗರ ನೀಲೇಗೌಡ ಬೇಟೆಗೆ ಹೊರಡುವ ಮುಂಚೆ ಪಾತಿವ್ರತ್ಯದ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ನನ್ನನ್ನು ನಂಬಿದ್ದರೆ ಆಣೆ ಯಾಕೆ ಎಂಬುದು ಅವಳ ಹಟ. ಅವನು ಹಿಂಸಿಸಿ, ಮಾಟದಿಂದ ಕಟ್ಟಿಹಾಕಿ ಹೋಗುತ್ತಾನೆ. ಮಾದೇಶ್ವರ ಬಂದು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಮರಳಿ ಬಂದ ಗಂಡ ಮತ್ತೆ ಅವಳ ಶೀಲವನ್ನು ಶಂಕಿಸುತ್ತಾನೆ.

ಕಾಡಿನವರ ಬಗ್ಗೆ ಈ ಕಾವ್ಯಕ್ಕೆ ಮುದ್ದು ಇಲ್ಲ, ನೀಲೇಗೌಡ ನಳನಿಗಿಂತ ಕ್ರೂರಿ. ಆದರೆ ಅವನ ಕ್ರೌರ್ಯ ಅವನೊಬ್ಬನದು, ಅವನ ಕುಲದ್ದಲ್ಲ, ಯಾಕೆಂದರೆ ಅದೇ ಕುಲದ, ಅದೇ ಗುಡಿಸಲಿನ ಹೆಂಗಸು ಅವನಿಗೆ ಎದುರು ನಿಂತಿದ್ದಾಳೆ. ವ್ಯಾಸರ ಬೇಡ ಒಬ್ಬನೇ ಇರುವುದರಿಂದ ಅವನ ತಪ್ಪು ಇಡೀ ಕಾಡಿನ ತಪ್ಪಾಗುತ್ತದೆ. ದಮಯಂತಿಗೆ ಕಾಡು ದಾಟಬೇಕಾದ ಜಾಗ, ಸಂಕಮ್ಮನಿಗೆ ಅದೇ ಮನೆ. ಅಲ್ಲಿಂದ ವಿದರ್ಭಕ್ಕೆ ದಾರಿಯಿಲ್ಲ.

ನಳೋಪಾಖ್ಯಾನದಲ್ಲಿ ಕಾಡು ತನ್ನ ಲೆಕ್ಕದಲ್ಲಿ ತಾನು ನಡೆದುಕೊಳ್ಳುವ ಕ್ಷಣ ಒಂದಿದೆ. ದಮಯಂತಿಯನ್ನು ಜೊತೆಗೆ ಕರೆದೊಯ್ಯುವ ವರ್ತಕರ ತಂಡ ತಾವರೆಗೆರೆಯ ದಂಡೆಯಲ್ಲಿ, ಆನೆಗಳು ನೀರಿಗಿಳಿಯುವ ದಾರಿಗೆ ಅಡ್ಡಲಾಗಿ ಮಲಗುತ್ತದೆ. ನಡುರಾತ್ರಿ ಕಾಡಾನೆಗಳ ಹಿಂಡು ನುಗ್ಗಿ ಎತ್ತು, ಒಂಟೆ, ಮನುಷ್ಯರನ್ನೆಲ್ಲ ತುಳಿದು ಹಾಕುತ್ತದೆ. ಬದುಕುಳಿದವರು ದೋಷವನ್ನು ಹಿಂಡಿನ ಮೇಲಾಗಲಿ, ತಾವು ಮಲಗಿದ ಜಾಗದ ಮೇಲಾಗಲಿ ಹೊರಿಸುವುದಿಲ್ಲ. ಆ ಹುಚ್ಚಿಯಂಥ ಹೆಂಗಸು ಬಂದದ್ದರಿಂದಲೇ ಹೀಗಾಯಿತು, ಸಿಕ್ಕರೆ ಕಲ್ಲು ಹೊಡೆದು ಕೊಲ್ಲೋಣ ಎನ್ನುತ್ತಾರೆ. ಮುಂಡಗೋಡ ಕಡೆಯ ಗದ್ದೆಗಳಲ್ಲಿ ಭತ್ತ ಮಾಗುವ ಹೊತ್ತಿಗೆ ಆನೆ ಇಳಿಯುವುದನ್ನು ಬಲ್ಲವರು ಈ ಭಾಗವನ್ನು ಪುರಾಣದಂತೆ ಓದಲಾರರು. ಆ ಕೆರೆಯ ದಂಡೆಯಲ್ಲಿ ಮಲಗಬಾರದು ಎಂದು ವರ್ತಕರಿಗೆ ಹೇಳಬಲ್ಲವನು ಹೆಬ್ಬಾವಿನ ಪಕ್ಕದಲ್ಲೇ ಸತ್ತು ಬಿದ್ದಿದ್ದ.