ಕೈಬಿಟ್ಟರೆ ನಿಲ್ಲಬೇಕು

ಗಾರ್ಡನ್ ರೈಲಿಗೆ ಯಾವ ರೇಡಿಯೊ ಕಂಟ್ರೋಲ್ ತಗೊಳ್ಳೋದು ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ಬಹುಪಾಲು ವಿಮರ್ಶೆಗಳಲ್ಲಿ ಸಿಗೋದು ಎರಡೇ ಅಳತೆ: ರೇಂಜ್ ಎಷ್ಟು ಮೀಟರ್, ಚಾನೆಲ್ ಎಷ್ಟು. ಎರಡೂ ನಮ್ಮ ಕಾಮಾಕ್ಷಿಪಾಳ್ಯದಲ್ಲಿ ಕೆಲಸಕ್ಕೆ ಬರದ ಅಳತೆಗಳು ಅನ್ನೋದು ನನ್ನ ತಕರಾರು. ಅವರ ರೈಲು ಓಡೋದು ಹುಲ್ಲುಹಾಸಿನ ಮೇಲೆ. ನಮಗೆಲ್ಲಿಯ ತೋಟ? ಥರ್ಟಿ-ಫಾರ್ಟಿ ಸೈಟಿನ ಮೂರನೇ ಮಹಡಿಯ ತಾರಸಿ, ನಾಲ್ಕು ಹೂಕುಂಡ, ಬಟ್ಟೆ ಒಣಹಾಕೋ ತಂತಿ, ನೀರಿನ ಟ್ಯಾಂಕು. ಅದರ ಸುತ್ತ ಹಳಿ. ಕೆಳಗಿನ ಗಲ್ಲಿಯಲ್ಲಿ ಮಕ್ಕಳು ಕ್ರಿಕೆಟ್ ಆಡ್ತಿರ್ತಾರೆ. ಇಲ್ಲಿ ರೇಂಜ್ ಹದಿನೈದು ಮೀಟರ್ ಇದ್ದರೆ ಧಾರಾಳ ಆಯ್ತು. ಕೇಳಬೇಕಾದ ಪ್ರಶ್ನೆ ಬೇರೆ: ಸಿಗ್ನಲ್ ತಪ್ಪಿದ ಕ್ಷಣ ಈ ಎಂಜಿನ್ ಏನು ಮಾಡುತ್ತೆ?

ಮೊದಲು ಈ ರೈಲಿನ ಬಗ್ಗೆ ಎರಡು ಮಾತು. 45 ಮಿ.ಮೀ. ಅಗಲದ ಹಳಿಯ ಮೇಲೆ ಓಡೋ ಗಾರ್ಡನ್ ರೈಲನ್ನು ಮನೆಮಾತು ಮಾಡಿದ್ದು ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ, 1968ರಲ್ಲಿ, ಎಲ್‌ಜಿಬಿ ಅನ್ನೋ ಹೆಸರಲ್ಲಿ. ಅವರ ಅಳತೆ 1:22.5. ಈಗ ಒಂದು ಭಾಗಾಕಾರ ಮಾಡಿ: ಒಂದು ಮೀಟರನ್ನು 22.5ರಿಂದ ಭಾಗಿಸಿದರೆ 44.4 ಮಿ.ಮೀ. ಅಂದರೆ ಹಿಂದೆ ಬೆಂಗಳೂರು-ಮೈಸೂರು ನಡುವೆ ಓಡ್ತಿದ್ದ ಮೀಟರ್ ಗೇಜ್ ಗಾಡಿ ಇದೇ ಹಳಿಯ ಮೇಲೆ ಸರಿಯಾಗಿ ಕೂರುತ್ತೆ. ನಮಗೆ ಇದು ಪರದೇಶಿ ಆಟಿಕೆ ಅಲ್ಲ ಅನ್ನೋಕೆ ಇಷ್ಟು ಸಾಕು.

ಹಳಿಗೇ ಕರೆಂಟ್ ಕೊಟ್ಟು ಓಡಿಸೋದು ಹಳೇ ಪದ್ಧತಿ. ಮಾಗಡಿ ರಸ್ತೆಯ ಧೂಳಿಗೆ ಮಳೆಯೂ ಸೇರಿದರೆ ಹಿತ್ತಾಳೆ ಹಳಿ ಕಪ್ಪಾಗುತ್ತೆ. ಆಡೋ ಹೊತ್ತಿಗಿಂತ ಉಜ್ಜೋ ಹೊತ್ತೇ ಜಾಸ್ತಿ. ಅದಕ್ಕೇ ಬ್ಯಾಟರಿ. ನಾಲ್ಕು 18650 ಲಿಥಿಯಂ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 14.8 ವೋಲ್ಟ್ ಬರುತ್ತೆ. ಜೊತೆಗೊಂದು ರಕ್ಷಣಾ ಸರ್ಕ್ಯೂಟ್ ಇಟ್ಟರೆ ಹಳಿ ಬರೀ ದಾರಿ. ಆದರೆ ಇದರಲ್ಲೊಂದು ಸೂಕ್ಷ್ಮ ಇದೆ. ಹಳಿಯಲ್ಲಿ ಕರೆಂಟ್ ಇದ್ದಾಗ ಪ್ಲಗ್ ಕಿತ್ತರೆ ರೈಲು ನಿಲ್ತಿತ್ತು. ಈಗ ಶಕ್ತಿ ರೈಲಿನ ಹೊಟ್ಟೆಯೊಳಗೇ ಇದೆ. ನಿಲ್ಲಿಸೋ ಅಧಿಕಾರ ಪೂರ್ತಿ ರೇಡಿಯೊದ ಕೈಗೆ ಹೋಯ್ತು.

ಮಾರುಕಟ್ಟೆಯಲ್ಲಿ ಸಿಗೋದನ್ನ ಮೂರು ಗುಂಪು ಮಾಡಬಹುದು.

ಒಂದು, ವಿಮಾನ-ಕಾರುಗಳ ಸ್ಟಿಕ್ ರಿಮೋಟು. ಅಗ್ಗ, ಬಿಡಿಭಾಗವೂ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ಆರು ಚಾನೆಲ್ಲಿನಲ್ಲಿ ನಮಗೆ ಬೇಕಾಗೋದು ಒಂದೋ ಎರಡೋ. ಜೊತೆಗೆ ಬರೋ ಕಾರಿನ ಸ್ಪೀಡ್ ಕಂಟ್ರೋಲರುಗಳಲ್ಲಿ ಅನೇಕದ್ದು ಒಂದು ಚಾಳಿ: ಸ್ಟಿಕ್ ಹಿಂದಕ್ಕೆಳೆದರೆ ಮೊದಲು ಬ್ರೇಕು, ಬಿಟ್ಟು ಮತ್ತೆ ಎಳೆದರೆ ಮಾತ್ರ ರಿವರ್ಸ್. ರೇಸಿಗೆ ಅದು ಸರಿ. ಬೋಗಿ ಜೋಡಿಸಲು ನಾಲ್ಕು ಬೆರಳಷ್ಟು ಹಿಂದೆ ಮುಂದೆ ಆಡಿಸಬೇಕಾದಾಗ ತಲೆ ಕೆಡುತ್ತೆ.

ಎರಡು, ಫೋನ್. ಎಂಜಿನ್ನಿನೊಳಗೆ ಇಎಸ್‌ಪಿ32 ಚಿಪ್ಪು, ಕೈಯಲ್ಲಿ ಆಪ್. ನಮ್ಮ ಕೆಲಸದವರಿಗೆಲ್ಲ ಇದೇ ಇಷ್ಟ, ಕೋಡ್ ಬರೆಯೋದು ಎರಡು ಭಾನುವಾರದ ಮಾತು. ಆದರೂ ನಾನು ಇದಕ್ಕೆ ಕಡಿಮೆ ಅಂಕ ಕೊಡ್ತೀನಿ. ಗಾಜಿನ ಮೇಲೆ ಬೆರಳಿಗೆ ಏನೂ ತಗಲೋದಿಲ್ಲ. ಸ್ಲೈಡರ್ ಎಲ್ಲಿದೆ ಅಂತ ಕಣ್ಣು ಸ್ಕ್ರೀನಿಗೆ ಹೋಗ್ಬೇಕು, ಆ ಕಣ್ಣು ಇರಬೇಕಾದದ್ದು ತಿರುವಿನ ಮೇಲೆ. ಅಷ್ಟರಲ್ಲಿ ಮ್ಯಾನೇಜರ್ ಫೋನ್ ಮಾಡ್ತಾನೆ. ಆಪ್ ಹಿಂದಕ್ಕೆ ಸರಿಯುತ್ತೆ, ರೈಲು ಮುಂದಕ್ಕೆ ಸಾಗುತ್ತೆ.

ಮೂರು, ರೈಲಿಗೇ ಅಂತ ಮಾಡಿದ ಪುಟ್ಟ ಡಬ್ಬಿ. ಒಂದು ತಿರುಗುಗುಬ್ಬಿ, ದಿಕ್ಕು ಬದಲಿಸೋ ಒಂದು ಸ್ವಿಚ್ಚು, ಒಂದು ಶಿಳ್ಳೆ ಗುಂಡಿ. ನೋಡೋಕೆ ಬಡಪಾಯಿ, ಸ್ಪೆಕ್ ಶೀಟಿನಲ್ಲಿ ಸೋಲುತ್ತೆ. ಆದರೆ ಹೆಬ್ಬೆರಳಿಗೇ ವೇಗ ಗೊತ್ತಾಗುತ್ತೆ. ರೈಲಿನಿಂದ ಕಣ್ಣು ತೆಗೆಯೋ ಹಾಗೇ ಇಲ್ಲ. ಓಡಿಸೋ ಸುಖಕ್ಕೆ ಇದಕ್ಕೆ ಸಾಟಿ ಇಲ್ಲ. ತೊಡಕು ಏನಂದ್ರೆ ಹೊರದೇಶದಿಂದ ತರಿಸಬೇಕು, ಅಲ್ಲಿ ಕಾನೂನು ಅಡ್ಡ ಬರುತ್ತೆ.

ಅಮೆರಿಕದ ಏರ್‌ವೈರ್ ಥರದ ವ್ಯವಸ್ಥೆಗಳು ಕೆಲಸ ಮಾಡೋದು 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಅದು ಮುಕ್ತ. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನುಗಳು ಟವರಿನ ಜೊತೆ ಮಾತಾಡೋ ಜಾಗ. ಆಟಕ್ಕಂತ ಅಲ್ಲಿ ಬಾಯಿ ಹಾಕೋ ಹಾಗಿಲ್ಲ. 2.4 ಗಿಗಾಹರ್ಟ್ಸನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ನಮ್ಮ ಸರ್ಕಾರ 2005ರಲ್ಲೇ ಬಿಟ್ಟುಕೊಟ್ಟಿದೆ. ಡಬ್ಬಿಯ ಮೇಲೆ ಎಷ್ಟೇ ಚಂದದ ಚಿತ್ರ ಇರಲಿ, ಮೊದಲು ಈ ಸಂಖ್ಯೆ ನೋಡಿ.

2.4ಕ್ಕೂ ಅದರದ್ದೇ ರಗಳೆಗಳಿವೆ. ತರಂಗದ ಉದ್ದ ಸುಮಾರು 12.5 ಸೆಂ.ಮೀ., ಅದರ ಕಾಲು ಭಾಗ 31 ಮಿ.ಮೀ. ಅನೇಕ ರಿಸೀವರುಗಳ ತಂತಿಯಲ್ಲಿ ನಿಜವಾದ ಆಂಟೆನಾ ಅಂದ್ರೆ ತುದಿಯ ಆ 31 ಮಿ.ಮೀ. ಮಾತ್ರ. ನಮ್ಮ ಏರಿಯಾದ ಲೇತ್ ಶಾಪಿನಲ್ಲಿ ಹಿತ್ತಾಳೆ ಬಾಯ್ಲರ್ ಮಾಡಿಸಬಹುದು, ನೋಡೋಕೆ ಲಕ್ಷಣವಾಗಿರುತ್ತೆ. ಆದರೆ ಆಂಟೆನಾ ಅದರೊಳಗೆ ಸುತ್ತಿಟ್ಟರೆ ಸಿಗ್ನಲ್ಲಿಗೆ ಅದೇ ಗೋಡೆ. ತುಂಬಿದ ನೀರಿನ ಟ್ಯಾಂಕೂ ಅಷ್ಟೇ, ನೀರು ಈ ತರಂಗವನ್ನ ಕುಡಿದುಬಿಡುತ್ತೆ. ರೈಲು ಟ್ಯಾಂಕಿನ ಹಿಂದೆ ಹೋದಾಗ ಸಂಪರ್ಕ ಒಂದೆರಡು ಕ್ಷಣ ತಪ್ಪಬಹುದು ಅಂತ ಲೆಕ್ಕ ಹಾಕಿಕೊಂಡೇ ಕೊಳ್ಳಬೇಕು.

ತಪ್ಪಿದಾಗ ಏನಾಗ್ಬೇಕು? ಇಲ್ಲಿ ತಯಾರಕರಲ್ಲಿ ಎರಡು ಮತ. ಕೆಲವರು ಕೊನೇ ವೇಗವನ್ನೇ ಹಿಡಿದಿಡ್ತಾರೆ, ಸುರಂಗದೊಳಗೆ ರೈಲು ನಿಂತುಬಿಡಬಾರದು ಅಂತ. ಕೆಲವರು ಮೋಟಾರ್ ನಿಲ್ಲಿಸ್ತಾರೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿಯನ್ನ 1:22.5ಕ್ಕೆ ಇಳಿಸಿದರೆ ಸೆಕೆಂಡಿಗೆ ಸುಮಾರು 62 ಸೆಂ.ಮೀ. ಎರಡು ಸೆಕೆಂಡಿಗೆ ಒಂದೂಕಾಲು ಮೀಟರ್ ಹತ್ತಿರ ಹತ್ತಿರ. ನಮ್ಮ ತಾರಸಿಗಳಲ್ಲಿ ಹಳಿಗೂ ಪ್ಯಾರಾಪೆಟ್ಟಿನ ಸಂದಿಗೂ ಎಷ್ಟೋ ಕಡೆ ಅಷ್ಟು ದೂರ ಇರಲ್ಲ. ಮೂರು ಮಹಡಿ ಕೆಳಗೆ ಮಕ್ಕಳಿರುವಾಗ ವೇಗ ಹಿಡಿದಿಡೋ ವ್ಯವಸ್ಥೆಗೆ ನನ್ನ ವೋಟಿಲ್ಲ, ಅದು ಎಷ್ಟೇ ದುಬಾರಿಯದಾಗಿರಲಿ.

ನಿಲ್ಲೋದಷ್ಟೇ ಸಾಲದು, ಮತ್ತೆ ಹೊರಡೋದನ್ನೂ ನೋಡಬೇಕು. ಹಳ್ಳಿ ಕಡೆಯವರಿಗೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಗೊತ್ತಿರುತ್ತೆ. ತ್ರೀ ಫೇಸ್ ಬಂದ ಕೂಡಲೇ ಮೋಟಾರ್ ತಾನಾಗೇ ಶುರು. ಒಬ್ಬನಿಗೆ ಅನುಕೂಲ, ಆದರೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಗತಿ ಏನು? ರೈಲಿನಲ್ಲೂ ಅದೇ ಪಾಠ. ಸಿಗ್ನಲ್ ಮರಳಿದಾಗ ಎಂಜಿನ್ ತಾನಾಗೇ ಹಾರಬಾರದು. ಗುಬ್ಬಿಯನ್ನ ಸೊನ್ನೆಗೆ ತಂದು ಮತ್ತೆ ತಿರುಗಿಸಿದ ಮೇಲೇ ಹೊರಡಬೇಕು. ಇದನ್ನ ಮಾಡೋ ವ್ಯವಸ್ಥೆಗೆ ನಾನು ಪೂರ್ತಿ ಅಂಕ ಕೊಡ್ತೀನಿ, ಯಾಕಂದ್ರೆ ಅದನ್ನ ಮಾಡಿದವನು ಓಡಿಸೋನ ಪಕ್ಕ ನಿಂತು ಯೋಚಿಸಿದ್ದಾನೆ.

ಕೊನೇದಾಗಿ ಆಯುಷ್ಯ. ಅಮೆರಿಕದ ಅರಿಸ್ಟೊ-ಕ್ರಾಫ್ಟ್ ಈ ಹವ್ಯಾಸದ ದೊಡ್ಡ ಹೆಸರು. 2013ರ ಕೊನೆಗೆ ಬಾಗಿಲು ಹಾಕ್ತು. ಒಬ್ಬರ ರಿಮೋಟಿಗೆ ಅವರದ್ದೇ ರಿಸೀವರ್ ಬೇಕು ಅಂತಿದ್ದರೆ ಇಂಥ ದಿನ ಕಷ್ಟ. ರಿಸೀವರ್ ಬೇರೆ, ಸ್ಪೀಡ್ ಕಂಟ್ರೋಲರ್ ಬೇರೆ, ನಡುವೆ ಎಲ್ಲರೂ ಬಳಸೋ ಒಂದರಿಂದ ಎರಡು ಮಿಲಿಸೆಕೆಂಡಿನ ಸರ್ವೊ ಪಲ್ಸ್ ಇದ್ದರೆ, ಒಂದು ಸತ್ತರೆ ಇನ್ನೊಂದು ಉಳಿಯುತ್ತೆ.

ಹಾಗಾಗಿ ನನ್ನ ತೀರ್ಪು: 2.4 ಗಿಗಾಹರ್ಟ್ಸಿನ ಸಾಧಾರಣ ರಿಸೀವರ್, ರೈಲಿನ ಮೋಟಾರಿಗೆ ಹೊಂದೋ ಸ್ಪೀಡ್ ಕಂಟ್ರೋಲರ್, ಕೈಗೆ ಗುಬ್ಬಿಯ ಡಬ್ಬಿ. ಕೊಳ್ಳುವಾಗ ರೇಂಜ್ ಕೇಳಬೇಡಿ. ಎಂಜಿನ್ನಿನ ಚಕ್ರ ಮೇಲಕ್ಕಿಟ್ಟು ಓಡಿಸಿ, ಓಡ್ತಿರುವಾಗಲೇ ರಿಮೋಟ್ ಆಫ್ ಮಾಡಿ ತೋರ್ಸಿ ಅನ್ನಿ. ಚಕ್ರ ನಿಂತರೆ ಮಾತ್ರ ದುಡ್ಡು ತೆಗೀರಿ.