ಯಾರ ಮನಿ ಸುಟ್ಟಾವು?

2022ರ ಫೆಬ್ರುವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಕುಷ್ಟಗಿ, ಯಲಬುರ್ಗಾದ ಚಹಾದಂಗಡಿಗಳಲ್ಲೂ ಎರಡು ಪಾಳಯಗಳಾದವು. ಟಿ.ವಿ.ಯವರು ಯುದ್ಧವನ್ನು ಜಾತ್ರೆಯ ಕುಸ್ತಿಯ ಹಾಗೆ ತೋರಿಸಿದರು. ನೋಡುವವನಿಗೆ ಉಳಿದದ್ದು ಒಂದೇ ಕೆಲಸ, ಯಾರ ಕಡೆ ಎಂದು ಕೂಗುವುದು. ನಮ್ಮವ್ವ ಮಾತ್ರ ಟಿ.ವಿ. ನೋಡುತ್ತಾ ಬೇರೆ ಪ್ರಶ್ನೆ ಕೇಳಿದಳು: "ಅಲ್ಲಿ ಯಾರ ಮನಿ ಸುಟ್ಟಾವೋ ಯಪ್ಪಾ?"

ಅಕ್ಷರ ಬಾರದ ಅವ್ವನ ಈ ಪ್ರಶ್ನೆ, ಮನೆತನದಲ್ಲೇ ಮೊದಲು ಪದವಿ ಪಡೆದ ನನಗೆ ಹೊಳೆದಿರಲಿಲ್ಲ. ಆದರೆ ಇದು ನಮ್ಮ ನೆಲದ್ದೇ ಪ್ರಶ್ನೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಾಕ್ಷ್ಯ ನೋಡಿದ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥದ್ದು ನಡೆದಾಗಲೆಲ್ಲ "ಎರಡೂ ಕಡೆ ತಪ್ಪೈತಿ ಬಿಡ್ರಿ" ಅನ್ನುವ ದೊಡ್ಡಮನುಷ್ಯರನ್ನು ನಾವು ಕಂಡಿದ್ದೇವೆ. ಆ ಮಾತು ಯಾರನ್ನು ಕಾಯುತ್ತದೆ ಎಂಬುದೂ ನಮಗೆ ಗೊತ್ತು.

ಹಾಗಿದ್ದೂ ಯುದ್ಧದ ಬಗ್ಗೆ ನಾವು ಬರೆದ ಕವಿತೆಗಳನ್ನು ನೋಡಿ. ನನ್ನವೂ ಅದರಲ್ಲಿವೆ. ಪಾರಿವಾಳ ಇದೆ, ನೆತ್ತರಿದೆ, ಮನುಕುಲ ಇದೆ. ಹೊಡೆದವರು ಯಾರು, ಸತ್ತವರು ಯಾರು ಎಂಬುದೇ ಇಲ್ಲ. ಸೋವಿಯತ್ ನಾಡಿನಿಂದ ಬಂದ ಅಗ್ಗದ ಕನ್ನಡ ಪುಸ್ತಕ ಓದಿ ಬೆಳೆದ ನಮ್ಮ ಹಿರಿಯರಲ್ಲಿ ಕೆಲವರಿಗೆ ದಾಳಿಯನ್ನು ದಾಳಿ ಎನ್ನಲು ನಾಲಿಗೆ ಏಳಲಿಲ್ಲ. ಆ ನಾಡಿನಲ್ಲಿ ಉಕ್ರೇನೂ ಇತ್ತೆಂಬುದನ್ನು ಮರೆತರು. ಇನ್ನು ಅಮೆರಿಕವೇ ನ್ಯಾಯದ ತಕ್ಕಡಿ ಎಂದವರು, 2003ರಲ್ಲಿ ಇರಾಕಿನ ಮೇಲೆ ಬೀಳಲು ಅದು ಹೇಳಿದ ಸಮೂಹನಾಶದ ಅಸ್ತ್ರಗಳು ಸಿಗಲೇ ಇಲ್ಲ ಎಂಬುದನ್ನು ಮರೆತರು.

ಇಂಥ ಹೊತ್ತಿನಲ್ಲಿ ನಾವು ಓದಬೇಕಾದ್ದು ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ'. 1957ರಲ್ಲಿ, ಅವರು ತೀರಿಕೊಂಡ ಮೇಲೆ ಬಂದ ಪುಸ್ತಕ. ಮುದುಕ, ರೋಗಿ, ಹೆಣ ನೋಡಿ ಸಿದ್ಧಾರ್ಥ ಮನೆ ಬಿಟ್ಟನೆಂಬ ಕತೆಯನ್ನು ಅವರು ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ನಿಂತಾಗ ಅವನು ಸಂಘದಲ್ಲಿ ಎದ್ದು ವಿರೋಧಿಸಿದನೆಂದು ಬರೆಯುತ್ತಾರೆ. ಎಡದಂಡೆ ಕಾಲುವೆಯ ನೀರಿನ ಜಗಳ ಕಂಡ ನಮಗೆ ಈ ಕತೆ ದೂರದ್ದಲ್ಲ. ಮೊದಲು ವಿಚಾರಣೆಯಾಗಲಿ, ನಮ್ಮವರೂ ಕೈಮಾಡಿದ್ದಾರೆಂದು ಕೇಳಿದ್ದೇನೆ ಅನ್ನುತ್ತಾನೆ ಸಿದ್ಧಾರ್ಥ. ಸಂಘ ಒಪ್ಪಲಿಲ್ಲ. ಬಹಿಷ್ಕಾರ ಹಾಕುತ್ತೇವೆ, ಹೊಲ ಕಸಿದುಕೊಳ್ಳುತ್ತೇವೆ ಎಂದು ಹೆದರಿಸಿತು. ಆ ಶಿಕ್ಷೆ ಮನೆಯವರ ಮೇಲೆ ಬೀಳಬಾರದೆಂದು ಅವನೇ ನಾಡು ಬಿಟ್ಟ.

ದೊಡ್ಡಮನುಷ್ಯರ ಮಾತಿಗೂ ಈ ಮಾತಿಗೂ ವ್ಯತ್ಯಾಸ ಇಲ್ಲಿದೆ. ಅವರು ತಮ್ಮವರ ತಪ್ಪು ಮುಚ್ಚಲು "ಎರಡೂ ಕಡೆ" ಅನ್ನುತ್ತಾರೆ. ಸಿದ್ಧಾರ್ಥ ತನ್ನವರ ತಪ್ಪನ್ನು ತನ್ನವರ ಎದುರಿಗೇ ಹೇಳಿದ. ಸ್ವಂತ ವಿಚಾರ ಅಂದರೆ ನಡುವೆ ನಿಲ್ಲುವುದಲ್ಲ, ತನ್ನ ಗುಂಪಿಗೆ ಬೇಡವಾದ ಸತ್ಯವನ್ನೂ ಹುಡುಕುವುದು.

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಗ್ಯಾನಗೌಡರ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋಗಿ ಶೆಲ್ ದಾಳಿಗೆ ಸತ್ತ. ಕನ್ನಡದ ಹುಡುಗನ ಆ ಸಾವನ್ನೂ ಮೀಸಲಾತಿಯನ್ನು ಬಯ್ಯಲು ಬಳಸಿಕೊಂಡವರಿದ್ದರು. ರೊಕ್ಕಕ್ಕೆ ಮಾರುವ ಸೀಟುಗಳ ಮಾತು ಅವರ ಬಾಯಲ್ಲಿ ಬರಲಿಲ್ಲ. ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿ ಆ ಯುದ್ಧ ನಮ್ಮ ಒಲೆಯ ತನಕ ಬಂದಾಗಲೂ ನಾವು ಪಾರಿವಾಳದ ಮೇಲೇ ಬರೆಯುತ್ತಿದ್ದೆವು.

ನನ್ನ ಆ ಕವಿತೆಗಳನ್ನು ನಾನು ಇನ್ನು ಓದುವುದಿಲ್ಲ. ಗೆಳೆಯರೇ, ಮುಂದಿನ ಗೋಷ್ಠಿಗೆ ಯುದ್ಧದ ಕವಿತೆ ತರುವವರು ಮೊದಲು ಅವ್ವನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರ್ರಿ. ಆ ಉತ್ತರ ನಮ್ಮ ಸಂಘಕ್ಕೇ ಹಿಡಿಸದಿದ್ದರೂ ಎದ್ದು ನಿಂತು ಓದ್ರಿ.