ಇನ್ನೂರಕ್ಕೆ ಇನ್ನೂರು

ಈ ವಾರ ಊಲಾಂಗ್ ಚಹಾದ ಬಗ್ಗೆ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಮುಂಬಯಿಯ ಬೈಕುಲ್ಲಾದಲ್ಲಿ ಮೇ ತಿಂಗಳು, ನಾಳೆ ಬೆಳಿಗ್ಗೆ ಬರಹ ಕೊಡಬೇಕು, ಮೇಜಿನ ಮೇಲೆ ಕೆಳಮನೆಯ ಅಕ್ಕ ಇಟ್ಟುಹೋದ ಐಸ್‌ಟೀ ಯಂತ್ರ ಕೂತಿದೆ. ಮಗ ಅಮೆರಿಕದಿಂದ ಹೊತ್ತು ತಂದದ್ದು. “ಅಣ್ಣಾ, ಇದನ್ನು ಪ್ಲಗ್ಗಿಗೆ ಹಾಕಲೋ ಬೇಡವೋ, ನೀವೇ ಹೇಳಿ” ಎಂದರು.

ಬೇಡ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ನೇರ ಹಾಕಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ.

ವೋಲ್ಟೇಜು ಹೊಂದಿದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಯಂತ್ರದ ಕೆಲಸ ಇಷ್ಟೇ: ನೀರು ಕಾಯಿಸಿ, ಎಲೆಯ ಮೇಲೆ ಸುರಿಸಿ, ಕೆಳಗೆ ಐಸು ತುಂಬಿದ ಜಗ್ಗಿಗೆ ಇಳಿಸುವುದು. ಗ್ಯಾಸಿನ ಒಲೆ, ಪಾತ್ರೆ, ಜಾಲರಿ ಇದ್ದವರಿಗೆ ಅಷ್ಟು ಸಾಕು. ಕಷ್ಟವಿರುವುದು ಐಸಿನ ಲೆಕ್ಕದಲ್ಲಿ. ಒಂದು ಗ್ರಾಂ ಐಸು ಕರಗಬೇಕಾದರೆ 80 ಕ್ಯಾಲೊರಿ ಶಾಖ ಹೀರಬೇಕು. 90 ಡಿಗ್ರಿಯ 200 ಮಿಲಿಲೀಟರ್ ಚಹಾವನ್ನು 5 ಡಿಗ್ರಿಗೆ ಇಳಿಸಲು ಕೂಡಿ ಕಳೆದು ನೋಡಿ, 200 ಗ್ರಾಂ ಐಸೇ ಬೇಕು. ಅಷ್ಟೂ ನೀರಾಗಿ ಲೋಟದಲ್ಲೇ ಉಳಿಯುತ್ತದೆ. ಅಂದರೆ ಚಹಾ ಅರ್ಧಕ್ಕೆ ತೆಳುವಾಯಿತು. ಹಾಗಾಗಿ ಎಲೆ ಇಮ್ಮಡಿ ಹಾಕಬೇಕು, ನೆನೆಸುವ ಹೊತ್ತನ್ನು ಮಾತ್ರ ಹೆಚ್ಚಿಸಬಾರದು. ಹೆಚ್ಚಿಸಿದರೆ ಸಿಗುವುದು ಬರೀ ಒಗರು. ಈ ಒಂದು ಲೆಕ್ಕ ತಿಳಿಯದೆಯೇ ಎಷ್ಟೋ ಮನೆಗಳಲ್ಲಿ ಐಸ್‌ಟೀ ಸಪ್ಪೆಯಾಗಿ, ಆ ಸಪ್ಪೆಯನ್ನು ಮುಚ್ಚಲು ಸಕ್ಕರೆಯ ಪುಡಿಪಾಕೀಟು ಒಳಗೆ ಬಂತು. ನಿಂಬೆಪಾಕಕ್ಕೆ ಚಹಾದ ಬಣ್ಣ ಬಳಿದ ಆ ಪೇಯವನ್ನು ನಾನು ಚಹಾ ಎಂದು ಒಪ್ಪುವುದಿಲ್ಲ. ಸಿಹಿ ತಂಪು ಬೇಕಾದರೆ ನಮ್ಮ ಕರಾವಳಿಯ ಪುನರ್ಪುಳಿ ಶರಬತ್ತಿದೆ, ಎಷ್ಟೋ ಪಾಲು ಮೇಲು.

ಮಾಟುಂಗದ ನನ್ನ ಗೆಳೆಯರದು ಇನ್ನೊಂದು ಪಂಥ. ಚಹಾ ಎಂದರೆ ಬಿಸಿ, ತಣ್ಣೀರು ಸೋಕಿದರೆ ಅದು ಕೆಟ್ಟಿತು ಅನ್ನುತ್ತಾರೆ. ಅವರ ಮುಂದೆ ನಾನು ಪ್ರತಿಸಲವೂ ಲು ಯೂ ಅವರನ್ನು ತಂದು ಕೂರಿಸುತ್ತೇನೆ. ಎಂಟನೆಯ ಶತಮಾನದ ಚೀನಾದಲ್ಲಿ ‘ಚಾ ಜಿಂಗ್’ ಬರೆದ ಆ ಮಹಾನುಭಾವರು ನೀರಿನ ಕುದಿಯನ್ನು ಮೂರಾಗಿ ಎಣಿಸಿದರು. ಮೊದಲು ಮೀನಿನ ಕಣ್ಣಿನಂಥ ಗುಳ್ಳೆ, ಸಣ್ಣ ಸದ್ದು. ಆಗ ಚಿಟಿಕೆ ಉಪ್ಪು. ಆಮೇಲೆ ಪಾತ್ರೆಯ ಅಂಚಿನಲ್ಲಿ ಮುತ್ತು ಪೋಣಿಸಿದ ಹಾಗೆ. ಆಗ ಒಂದು ಸೌಟು ನೀರು ತೆಗೆದಿಟ್ಟು, ಬಿದಿರುಕಡ್ಡಿಯಿಂದ ಸುಳಿ ಎಬ್ಬಿಸಿ, ನಡುವಿಗೆ ಚಹಾದ ಹುಡಿ. ಮೂರನೆಯದು ತೆರೆ ಉಕ್ಕಿದಂತೆ. ಆಗ ತೆಗೆದಿಟ್ಟಿದ್ದ ನೀರನ್ನು ಮತ್ತೆ ಹೊಯ್ದು ಉಕ್ಕನ್ನು ತಣಿಸಬೇಕು. ಅದನ್ನೂ ಮೀರಿ ಕುದಿದ ನೀರು ಮುದಿಯಾಯಿತು, ಕುಡಿಯಬಾರದು. ಚಹಾದ ಸತ್ವ ಉಳಿಸಲು ಕುದಿಯನ್ನು ತಡೆಯಬೇಕೆಂದು ಸಾವಿರದಿನ್ನೂರು ವರ್ಷದ ಹಿಂದೆಯೇ ಬರೆದಿಟ್ಟವರು ಅವರು. ಬಿಸಿಯ ಪಂಥದವರು ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಅಕ್ಕನಿಗೆ ನಾನು ಹೇಳಿದ್ದು ಗಾಜಿನ ಹೂಜಿ. ಬೋರೊಸಿಲಿಕೇಟ್ ಗಾಜಿನದಾಗಿರಲಿ, ಬಿಸಿಗೆ ಸೀಳದು. ಕೈ ಒಳಗೆ ಹೋಗುವಷ್ಟು ಅಗಲ ಬಾಯಿ, ತಳದವರೆಗೆ ಇಳಿಯುವ ಸಣ್ಣಕಣ್ಣಿನ ಜಾಲರಿ, ಬಿಚ್ಚಿ ತೊಳೆಯಲು ಬರುವ ಮುಚ್ಚಳದ ರಬ್ಬರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 10–12 ಗ್ರಾಂ ಎಲೆ ಹಾಕಿ ರಾತ್ರಿ ಊಟವಾದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಸಿದ್ಧ. ತಣ್ಣೀರು ಕೆಫೀನನ್ನೂ ಒಗರನ್ನೂ ಕಡಿಮೆ ಎಳೆಯುತ್ತದೆ. ಬಿಸಿಲಿನಲ್ಲಿಟ್ಟು ಇಳಿಸುವ ಪದ್ಧತಿ ನಮ್ಮ ಹವೆಗೆ ಸಲ್ಲದು. ಆ ಉಗುರುಬೆಚ್ಚನೆಯ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ, ಸಾಯುವುದಿಲ್ಲ. ನೀರಿನಲ್ಲಂತೂ ನಾವು ಭಾಗ್ಯವಂತರು. ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವುದು ಮಳೆಯ ಮೆದುನೀರು.

ಎಲೆ ನೀಲಗಿರಿಯದೇ ಆಗಲಿ. ಅಸ್ಸಾಮಿನ ಗಟ್ಟಿ ಚಹಾ ತಣಿದಾಗ ಅದರ ಕೆಫೀನು, ಟ್ಯಾನಿನು ಒಂದಕ್ಕೊಂದು ಅಂಟಿ ಲೋಟ ಮಬ್ಬಾಗುತ್ತದೆ. ಬಡಗರ ಸಣ್ಣ ತೋಟಗಳೂ ಇರುವ ನೀಲಗಿರಿಯ ಎಲೆ ಐಸಿನಲ್ಲೂ ತಿಳಿಯಾಗಿ ನಿಲ್ಲುತ್ತದೆ.

ಐಸಿನ ಮಾತೆತ್ತಿದ ಮೇಲೆ ಬೈಕುಲ್ಲಾದವನು ಜೆ.ಜೆ. ಆಸ್ಪತ್ರೆಯನ್ನು ಹೇಗೆ ಬಿಟ್ಟಾನು? 1845ರಲ್ಲಿ ತೆರೆದ ಆ ಆಸ್ಪತ್ರೆಗೆ ಹಣ ಕೊಟ್ಟ ಜಮ್ಸೆಟ್ಜಿ ಜೀಜೀಭಾಯ್ ಚೀನಾದ ಕ್ಯಾಂಟನ್ ಬಂದರಿಗೆ ಹತ್ತಿ, ಅಫೀಮು ಸಾಗಿಸಿ ಸಿರಿವಂತರಾದವರು. 1834ರಲ್ಲಿ ಮ್ಯಾಸಚೂಸೆಟ್ಸಿನ ಕೆರೆಗಳಲ್ಲಿ ಕೊಯ್ದ ಐಸು, ಮರದ ಹೊಟ್ಟಿನಲ್ಲಿ ಹುದುಗಿ, ತಿಂಗಳುಗಟ್ಟಲೆ ಕಡಲಲ್ಲಿದ್ದು ಬೊಂಬಾಯಿ ಮುಟ್ಟಿದಾಗ, ತಮ್ಮ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದವರೂ ಅವರೇ. ಬಡಿಸಿದವರಿಗೂ ತಿಂದವರಿಗೂ ನೆಗಡಿಯಾಯಿತೆಂದು ‘ಬಾಂಬೆ ಸಮಾಚಾರ್’ ಬರೆಯಿತು. ಚಹಾ ಹಡಗೇರುವ ಬಂದರನ್ನೂ ಐಸು ಹಡಗಿಳಿಯುವ ಬಂದರನ್ನೂ ಬಲ್ಲ ಆ ಮನುಷ್ಯನ ಹೆಸರಿನ ಗೇಟು ದಾಟುವಾಗೆಲ್ಲ ನನಗೆ ಆ ಔತಣದ ಮೇಜು ನೆನಪಾಗುತ್ತದೆ.

ಇವತ್ತು ಬೆಳಿಗ್ಗೆ ನನ್ನ ಹೂಜಿಯನ್ನೇ ಕೆಳಗೆ ಒಯ್ದೆ. ಎರಡು ತುಂಡು ಐಸು, ಸಕ್ಕರೆ ಇಲ್ಲ. ಅಕ್ಕ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಚಹಾದೊಳಗಿಂದ ಕಿಟಕಿಯ ಸರಳುಗಳನ್ನು ಎಣಿಸಬಹುದಾಗಿತ್ತು.